ಎರಡು ಬಡಿದರೆ ಬಾ, ಒಂದು ಬಡಿದರೆ ನಿಲ್ಲು

ಮೂಡುಬಿದಿರೆಯಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಸ್ಕೂಟರಿಗೆ ಹೊಸ ಕನ್ನಡಿ ಹಾಕಿಸಿಕೊಂಡು ಚಿಲ್ಲರೆಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ವೇಣೂರಿನ ಅತ್ತೆ ಮತ್ತು ಸೊಸೆ ಕೂತಿದ್ದರು. ಹೊರಗೆ ಅವರ ಜೀಪು, ಅದರ ಹಿಂದೆ ಶಾಮಿಯಾನ ಸಾಗಿಸುವ ಟ್ರೈಲರು. ಅವರ ತುಳುವನ್ನು ಕನ್ನಡಕ್ಕೆ ತಂದಿದ್ದೇನೆ; ಜಗಳದ ರುಚಿ ಸ್ವಲ್ಪ ಕಡಿಮೆಯಾಗಿದೆ.

“ಜೀಪಿಗೆ ಕ್ಯಾಮರಾ ಹಾಕಿಸಿದ್ದೀಯಲ್ಲ ಸುಪ್ರೀತಾ, ಇನ್ನೊಂದು ಯಾಕೆ?”

“ಅದರಲ್ಲಿ ಟ್ರೈಲರಿನ ಮುಂದಿನ ತಗಡು ಮಾತ್ರ ಕಾಣ್ತದೆ ಅತ್ತೆ. ಅದರ ಮೇಲೆ ಬರೆಸಿದ ನಮ್ಮದೇ ಫೋನ್ ನಂಬರ್ ಓದಿಕೊಂಡು ರಿವರ್ಸ್ ಬರಬೇಕು.”

“ಹಿಂದೆ ನಿಲ್ಲಲಿಕ್ಕೆ ನಾನಿಲ್ವಾ? ತಗಡಿಗೆ ಎರಡು ಬಡಿದ್ರೆ ಬಾ, ಒಂದು ಬಡಿದ್ರೆ ನಿಲ್ಲು. ಒಂದು ಗೋಡೆಗಾದ್ರೂ ತಾಗಿದ್ದುಂಟಾ?”

“ಗೋಡೆಗೆ ಏನೂ ಆಗ್ಲಿಲ್ಲ, ನಿಮ್ಮ ಮೊಣಕಾಲು ಹೋಯ್ತು. ಮದುವೆಮನೆಗಳಲ್ಲಿ ಇಳಿಯುವುದು, ಹತ್ತುವುದು ಇನ್ನು ಬೇಡ ಅಂತ ಡಾಕ್ಟ್ರು ಹೇಳಿದ್ದಾರಲ್ಲ.”

“ಹಾಗಾದ್ರೆ ಇನ್ನು ನಾನು ಮನೆಯಲ್ಲೇ ಕೂರುವುದಾ?”

“ಯಾರು ಹೇಳಿದ್ದು ಹಾಗೆ! ಮುಂದಿನ ಸೀಟಲ್ಲಿ ಕೂತು ಸ್ಕ್ರೀನ್ ನೋಡಿ. ನನಗೆ ಸ್ಟೇರಿಂಗೇ ಸಾಕಾಗ್ತದೆ.”

ಅತ್ತೆ ಎದ್ದು ಕೌಂಟರಿನ ಮೇಲಿದ್ದ ಕ್ಯಾಮರಾದ ವೈರು ಎಳೆದು ನೋಡಿದರು.

“ವೈರಿನದ್ದು ಬೇಡ. ಟ್ರೈಲರ್ ಬಿಚ್ಚುವಾಗ ನೀನು ಎಳೆದು ತುಂಡು ಮಾಡ್ತೀ. ವೈರಿಲ್ಲದ್ದು ತೆಗೊಳ್ಳುವ. ಟ್ರೈಲರಿನ ಹಿಂಬಾಗಿಲಿನ ಮೇಲೆ, ಎತ್ತರದಲ್ಲಿ ಕೂರಿಸ್ಲಿ. ಕೆಸರು ಹಾರಬಾರದು.”

ಕ್ಯಾಮರಾ ಕೂತಿತು. ಇಬ್ಬರೂ ಜೀಪು ಹತ್ತಿದರು. ಒಳಗಿಂದ ಡ್ಯಾಶ್‌ಬೋರ್ಡಿಗೆ ಎರಡು ಬಡಿದ ಸದ್ದು ಕೇಳಿಸಿತು. ಟ್ರೈಲರು ನನ್ನ ಸ್ಕೂಟರಿನ ಕಡೆಗೇ ಹಿಂದಕ್ಕೆ ಬಂತು.

ಒಂದು ಬಡಿತ.

ಹೊಸ ಕನ್ನಡಿಗೆ ಒಂದು ಗೇಣು ಬಿಟ್ಟು ನಿಂತ ಟ್ರೈಲರು, ಆಮೇಲೆ ವೇಣೂರಿನ ದಾರಿ ಹಿಡಿಯಿತು.