ಆಕಾಶಕ್ಕೊಂದು ತೇಪೆ

ಕೊಲ್ಲಿ ದೇಶದ ಹೊಸ ನಗರ ಲುಸೈಲ್‌ನಿಂದ ಅಲ್ ಸದ್ದ್ ಕಡೆಗೆ ಹೊರಟ ಬಸ್ಸಿನಲ್ಲಿ, ದಿನವಿಡೀ ಕಟ್ಟಡಕ್ಕೆ ಕಂಬಿ ಕಟ್ಟಿ ಸೋತಿದ್ದ ವಿರುಪಾಕ್ಷಪ್ಪ ಕಣ್ಣು ಮುಚ್ಚಿ ಕೂತಿದ್ದ. ಹಿಂದಿನ ಸೀಟಿನಲ್ಲಿ ಕನ್ನಡ ಕೇಳಿಸಿತು. ಬಿಲ್ಡರ್ ಆಫೀಸಿನಲ್ಲಿ ಫೋಟೋ ತಿದ್ದುವವನಿರಬೇಕು, ಮಾತು ಧಾರವಾಡ ಕಡೆಯದು. ಜೊತೆಗಿದ್ದವಳದು ಮಂಗಳೂರಿನದು.

“ಆ ಲುಸೈಲ್ ಸಂಜೆ ಆಕಾಶದ ಫೋಟೋ ಮುಗೀತಾ, ಬಸವಲಿಂಗ?”

“ಮುಗದಂಗ ಆತು, ಮೆಲನಿ. ಬೆಳಕು ಏರಿಸಿದ ಕೂಡಲೆ ಆಕಾಶದ ತುಂಬ ಪಟ್ಟಿ ಪಟ್ಟಿ ಎದ್ದಿದ್ವು.”

“ಯಾಕೆ ಹಾಗೆ?”

“ಹದಿನಾರು ಬಿಟ್ ಫೈಲ್ ಇತ್ತು, ಬಣ್ಣ ಭಾಳ ಹಿಡಿಯೂವಂಥಾದ್ದು. ವಾಟ್ಸಾಪ್‌ನಾಗ ಕಳಸಾಕ ಭಾರ ಅಂತ ಸಾಹೇಬ್ರು ಎಂಟು ಬಿಟ್ ಮಾಡಿ, ಮೂಲದ್ದು ಅಳಿಸಿಬಿಟ್ಟಾರ. ಬಣ್ಣದಿಂದ ಬಣ್ಣಕ್ಕ ಇಳಿಯೋ ಸಣ್ಣ ಸಣ್ಣ ಮೆಟ್ಟಲೆಲ್ಲ ಹೋಗಿ, ದೊಡ್ಡವು ಅಷ್ಟ ಉಳದಾವ.”

“ವಾಪಸ್ ಹದಿನಾರು ಮಾಡ್ಲಿಕ್ಕೆ ಆಗುದಿಲ್ವಾ?”

“ಅವರೂ ಹಂಗ ಅಂದ್ರು. ಮಾಡಿದೆ. ಫೈಲ್ ದೊಡ್ಡದಾತು, ಹೋದ ಬಣ್ಣ ಬರಲಿಲ್ಲ.”

“ಮತ್ತೆ ಎಂತ ಮಾಡಿದ್ದು?”

“ಪಟ್ಟಿ ಇದ್ದಲ್ಲಿ ಒಂದು ಟವರ್ ನಿಲ್ಲಿಸು, ಖಲಾಸ್ ಅಂದ್ರು. ನಿಲ್ಲಿಸಿದೆ.”

“ಅಲ್ಲಿ ಟವರೇ ಇಲ್ಲ ಅಲ್ವಾ ಮಾರಾಯ.”

“ಇಲ್ಲ. ಆದ್ರ ಫೋಟೋ ನೋಡಿ ಮಾಲಕರಿಗೆ ಅದು ಭಾಳ ಸೇರೇತಿ. ಬರೋ ವರ್ಷ ಕಟ್ಟಸ್ತಾರಂತ.”

ಸ್ಟಾಪ್ ಬಂತು. ಇಬ್ಬರೂ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದು ಹೋದರು.

ವಿರುಪಾಕ್ಷಪ್ಪನಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಲುಸೈಲ್‌ನಲ್ಲಿ ಇನ್ನು ಕಟ್ಟುವುದೇನೂ ಉಳಿದಿಲ್ಲ, ಈ ವರ್ಷ ಊರಿಗೆ ಬಂದೇಬಿಡುತ್ತೇನೆ ಎಂದು ಅವನು ನಿನ್ನೆಯಷ್ಟೇ ಹೆಂಡತಿ ಮಹಾದೇವಕ್ಕನಿಗೆ ಫೋನಿನಲ್ಲಿ ಹೇಳಿದ್ದ.