ಕಂಪೈಲರ್ ಕಿತ್ತುಹಾಕಿದ ಎಣಿಕೆ

ಹಳೆಯ ಕಂಪ್ಯೂಟರುಗಳ ರಿಪೇರಿ ಅಂಗಡಿಯಲ್ಲಿ ನನಗಿಂತ ಮುಂದೆ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ತೀರಿಕೊಂಡ ತಂದೆ ಬರೆದಿದ್ದ ಮಗ್ಗಿಯ ಆಟವನ್ನು ತಮ್ಮನು, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ಹೊಸ ಕಂಪೈಲರಿನಿಂದ ಮತ್ತೆ ಸಿದ್ಧಪಡಿಸಿ, ಮನೆಯ ಹಳೆಯ ಯಂತ್ರದಲ್ಲಿ ಓಡಿಸಿ ತೋರಿಸುತ್ತಿದ್ದ.

“ಪ್ರಶ್ನೆ ಓದೋದ್ರೊಳಗೇ ‘ತಪ್ಪು’ ಅಂತ ಬರ್ತಿದೆಯಲ್ಲೋ!”

“ಪ್ರಶ್ನೆಗೂ ‘ತಪ್ಪು’ ಅನ್ನೋದಕ್ಕೂ ನಡುವೆ ಒಂದು ಖಾಲಿ ಲೂಪ್ ಇತ್ತಕ್ಕ. ಸುಮ್ಮನೆ ಒಂದು, ಎರಡು ಅಂತ ಎಣಿಸಿ ಹೊತ್ತು ಕಳೆಯೋದು ಬಿಟ್ಟು ಬೇರೇನೂ ಮಾಡ್ತಿರಲಿಲ್ಲ. ದಂಡಪಿಂಡ ಅಂತ ಕಂಪೈಲರೇ ಕಿತ್ತುಹಾಕಿದೆ.”

“ವಾಪಸ್ ಹಾಕು.”

“ಯಾಕೆ? ಅಪ್ಪನಿಗೆ ಪ್ರೋಗ್ರಾಮ್ ಬರೆಯೋಕೆ ಬರ್ತಿರಲಿಲ್ಲ, ಒಪ್ಕೋ.”

“ನಿನಗೆ ಮಗ್ಗಿ ನಾಲಿಗೆ ತುದೀಲಿತ್ತು. ತಡವರಿಸ್ತಿದ್ದವಳು ನಾನು. ಆ ಎಣಿಕೆ ಮುಗಿಯೋಷ್ಟು ಹೊತ್ತು ಅಪ್ಪ ನನಗೋಸ್ಕರ ಕಾಯ್ತಿದ್ದದ್ದು ಕಣೋ.”

“ಈ ವಯಸ್ಸಲ್ಲೂ ನಿನಗೋಸ್ಕರ ಕಾಯಬೇಕಾ?”

“ಹಾಗಾದ್ರೆ ಪರದೆ ಮೇಲಿರೋ ಅಪ್ಪನ ಹೆಸರನ್ನೂ ಕಿತ್ತುಹಾಕು. ಇದು ನಿನ್ನ ಆಟ.”

ಆಕೆ ಹೊರನಡೆದಳು. ತಮ್ಮನು ಯಂತ್ರವನ್ನು ಹೊತ್ತುಕೊಂಡು ಬೇರೆ ದಿಕ್ಕಿಗೆ ಹೋದ.