ಎರಡು ಮಾತ್ರೆ ಕಡಿಮೆ

ಒಂದೂರಲ್ಲಿ ಮುರಿಗೆಪ್ಪ ಅಂತ ಒಬ್ಬ ಸಾಹುಕಾರ. ಆಸ್ತಿಗೇನೂ ಕೊರತೆ ಇಲ್ಲ. ಆದರೆ ನೋಡಿ, ಅವನಿಗೆ ಛಂದಸ್ಸಿನ ಹುಚ್ಚು. ಯಾರು ಪದ್ಯ ಹೇಳಿದರೂ ಬೆರಳು ಮಡಚಿ ಮಾತ್ರೆ ಎಣಿಸುವುದೇ ಕೆಲಸ. ಹೆಂಡತಿಯ ತಮ್ಮನ ಮದುವೆಯಲ್ಲಿ ಮಂಗಳಾಷ್ಟಕವನ್ನೇ ನಿಲ್ಲಿಸಿ, ವೃತ್ತ ತಪ್ಪಿತು ಎಂದು ಪುರೋಹಿತರೊಡನೆ ವಾದಕ್ಕಿಳಿದ. ಮುಹೂರ್ತ ಮೀರಿಹೋಯಿತು. ಅಂದಿನಿಂದ ಹೆಂಡತಿ ಮಾತು ಬಿಟ್ಟಳು.

ರೊಟ್ಟಿ ಬೇಕೇ ಎಂದು ಗೋಡೆಯನ್ನು ಕೇಳುತ್ತಿದ್ದಳು. ಬೇಕು ಎಂದು ಇವನೂ ಗೋಡೆಗೇ ಹೇಳುತ್ತಿದ್ದ. ಒಳಗೊಳಗೇ ಸೊರಗಿಹೋದ ಪಾಪ. ಒಮ್ಮೆ ನನ್ನ ಹೆಸರು ಹಿಡಿದು ಬೈದರೂ ಸಾಕು ಎನ್ನುವ ಹಾಗಾಗಿತ್ತು.

ಮಗಳ ಸೀಮಂತ ಬಂತು. ಹೆಂಗಸರೆಲ್ಲ ಸೇರಿ ಮುರಿಗೆಪ್ಪನ ಹೆಂಡತಿಯನ್ನು ಹಿಡಿದುಕೊಂಡರು: ಒಡಪು ಕಟ್ಟಿ ಗಂಡನ ಹೆಸರು ಹೇಳಲೇಬೇಕು! ಅವಳು ಕೊನೆಗೆ ಬಾಯಿ ತೆರೆದಳು.

“ಉಕ್ಕುವ ಹಾಲಿಗಿ ತಣ್ಣೀರ ಹನಿ ಬಿತ್ತ,
ಮುರಿಗೆಪ್ಪನ ಮೇಲಿನ ಸಿಟ್ಟು ಹೋತ.”

ಆಹಾ! ಅಲ್ಲೇ ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದ ಅವನಿಗೆ ಇನ್ನೇನು ಬೇಕಿತ್ತು? ಎದ್ದು ಹೋಗಿ ಅವಳ ಪಕ್ಕ ನಿಲ್ಲಬೇಡವೇ? ಪುಣ್ಯಾತ್ಮ ಬೆರಳು ಬಿಡಿಸಿ ಹೇಳಿದ: “ಎರಡನೇ ಸಾಲಿಗೆ ಎರಡು ಮಾತ್ರೆ ಕಡಿಮಿ ಬಿತ್ತಲ್ಲ.”

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅವಳು ಎದ್ದಳು. “ಹಂಗಾರ ಸಿಟ್ಟ ಇರಲಿ ಬಿಡ್ರಿ. ಅದಕ್ಕ ಏನೂ ಕಡಿಮಿ ಬಿದ್ದಿಲ್ಲ,” ಎಂದು ಅಡುಗೆಮನೆಗೆ ನಡೆದಳು. ಆಗ ಅವನಿಗೆ ಅವಳು ಹೇಳಿದ್ದೇನೆಂದು ಹೊಳೆಯಿತು. ಹೊಳೆದು ಏನು ಬಂತು?

ನೋಡಿ, ಲೆಕ್ಕ ತಪ್ಪಿರಲಿಲ್ಲ. ಆ ಎರಡು ಮಾತ್ರೆ ನಿಜಕ್ಕೂ ಕಡಿಮೆಯೇ. ಎಲ್ಲಿ ಹೋಗಿದ್ದವು? ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದವು! ಬೆರಳು ಮಡಚುವವನಿಗೆ ಅದು ಕಾಣಲಿಲ್ಲ. ಅವಳ ದ್ವಿಪದಿಯಲ್ಲಿ ಮೊದಲ ಸಾಲು ಹಾಲಿನದು, ಎರಡನೆಯದು ಮನಸ್ಸಿನದು. ತ್ರಿಪದಿ ಕಲಿಯಿರಿ, ಷಟ್ಪದಿ ಕಲಿಯಿರಿ, ಬೇಡ ಎಂದವರಾರು? ಆದರೆ ಆ ಸಾಲುಗಳಲ್ಲಿ ಹೇಳಿದವರು ಏನನ್ನು ಇಟ್ಟು ಕೊಟ್ಟರು ಎಂದು ನೋಡುವುದಕ್ಕೂ ಕಲಿಯಿರಿ.

ಮುಂದೆ ಕೂತು ನಗುತ್ತಿರುವ ಯಜಮಾನರೇ, ಮಗಳು ಅಪ್ಪನ ಮೇಲೆ ನಾಲ್ಕು ಸಾಲು ಪದ್ಯ ಬರೆದು ತಂದರೆ ಒತ್ತಕ್ಷರದ ತಪ್ಪು ಹುಡುಕುವವರು ನೀವೇ ತಾನೇ? ಇಂದು ಮನೆಗೆ ಹೋಗಿ ಆ ಹಾಳೆಯನ್ನು ಮತ್ತೆ ಕೇಳಿ ಇಸಿದುಕೊಳ್ಳಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕೂ ಸಾಲು ಪೂರ್ತಿ ಓದಿ. ಒತ್ತಕ್ಷರ ನಾಳೆ ತಿದ್ದಿದರಾಯಿತು.